ಮಾರ್ಚಿನ್ಯಾಗ ಜೋಡಿಲೇ ಬರ್ರಿ

ನನ್ನ ಮೇಜಿನ ಖಾನೆಯಲ್ಲಿ ಅಂಗೈ ಅಗಲದ ಒಂದು ಕೆಂಪು ಬಟ್ಟೆಯ ತುಂಡಿದೆ. ಇಳಕಲ್ ಸೀರೆಯ ಸೆರಗಿನದು. ಯಾವ ಸೀರೆ, ಯಾರ ಸೀರೆ ಎಂದೆಲ್ಲ ಕೇಳಬೇಡಿ, ನಾನಿನ್ನೂ ಮದುವೆಯಾಗದ ಹುಡುಗ. ನಮ್ಮೂರು ಇಳಕಲ್ಲಿನಲ್ಲಿ ಇಂಥ ತುಂಡುಗಳು ಯಾರ ಮನೆಯ ಕಸಬರಿಗೆಗೂ ಸಿಗುತ್ತವೆ. ಸದ್ಯಕ್ಕೆ ನಾನು ಅದರಿಂದ ಮೊಬೈಲಿನ ಗಾಜು ಒರೆಸುತ್ತೇನೆ. ನನ್ನದು ಟ್ಯಾಕ್ಸ್ ಕೆಲಸ. ಅಂಗಡಿಕಾರರ, ಸೀರೆ ವ್ಯಾಪಾರಿಗಳ, ಮಾಸ್ತರರ ರಿಟರ್ನ್ ತುಂಬಿಕೊಡುವುದು ನನ್ನ ಹೊಟ್ಟೆಪಾಡು. ಈಗಿನ ಕಾಲದಲ್ಲಿ ಈ ಕೆಲಸಕ್ಕೆ ಬೇಕಾದದ್ದು ಬುದ್ಧಿಯಲ್ಲ, ಒಟಿಪಿ. ಗಿರಾಕಿ ತನ್ನ ಮೊಬೈಲಿಗೆ ಬಂದ ಒಟಿಪಿಯ ಚಿತ್ರ ತೆಗೆದು ಕಳಿಸುತ್ತಾನೆ. ಚಿತ್ರದಲ್ಲಿ ಅವನ ಹೆಬ್ಬೆರಳು ಸ್ಪಷ್ಟವಾಗಿರುತ್ತದೆ, ಅಂಕಿ ಮಸುಕಾಗಿರುತ್ತದೆ. ಅದು ಮೂರೋ ಎಂಟೋ ಎಂದು ತಿಳಿಯಲು ಗಾಜು ಒರೆಸುವುದು ಅನಿವಾರ್ಯ.

ಆದರೆ ಆ ಬಟ್ಟೆ ಹುಟ್ಟಿದ್ದು ಮೊಬೈಲಿಗಾಗಿ ಅಲ್ಲ, ನನ್ನ ಸೋದರಮಾವ ಗುರಪ್ಪನವರ ಕನ್ನಡಕಕ್ಕಾಗಿ. ಈ ಆಫೀಸೂ ಅವರದೇ, ಮೇಜೂ ಅವರದೇ, ಗಿರಾಕಿಗಳೂ ಅವರ ಕಾಲದವರೇ. ಹೋದ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಮಾವ ತೀರಿಕೊಂಡರು. ಅಂದಿನಿಂದ ನಾನು ಅವರ ಕುರ್ಚಿಯಲ್ಲಿ ಕೂರುತ್ತಿದ್ದೇನೆ. ಕುರ್ಚಿ ನನಗಿಂತ ಅಗಲವಿದೆ. ಎರಡೂ ಕಡೆ ಜಾಗ ಉಳಿಯುತ್ತದೆ.

ಊರವರು ಮಾವನನ್ನು ವಕೀಲರು ಎಂದು ಕರೆಯುತ್ತಿದ್ದರು. ಅವರು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಓದಿದ್ದು ಬಿ.ಕಾಂ. ಆದರೆ ನಮ್ಮ ಕಡೆ ಕರಿ ಬ್ಯಾಗು ಹಿಡಿದು ಸರಕಾರದ ಜೊತೆ ಪತ್ರವ್ಯವಹಾರ ಮಾಡುವವನು ಯಾರೇ ಇರಲಿ, ವಕೀಲನೇ. ಮಾವನೂ ತಿದ್ದಲು ಹೋಗಲಿಲ್ಲ. ನನ್ನನ್ನು ಮಾತ್ರ ಇದುವರೆಗೆ ಯಾರೂ ವಕೀಲ ಅಂದಿಲ್ಲ. "ಗುರಪ್ಪ ವಕೀಲರ ಅಳಿಯ, ಆ ಮಂಗ್ಯಾ" ಎನ್ನುತ್ತಾರೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಮಾವನ ಆಫೀಸಿನಲ್ಲಿ ಒಂದು ರಿವಾಜಿತ್ತು. ವರ್ಷದ ಉಳಿದ ದಿನಗಳಲ್ಲಿ ಯಾರು ಬೇಕಾದರೂ ಒಬ್ಬರೇ ಬಂದು ಕಾಗದ ಕೊಟ್ಟು ಹೋಗಬಹುದು. ಆದರೆ ಫೆಬ್ರುವರಿ ಮುಗಿದು ಮಾರ್ಚ್ ಹಿಡಿಯಿತೆಂದರೆ, ಟ್ಯಾಕ್ಸ್ ಉಳಿಸುವ ವಿಚಾರ ಮಾತಾಡಬೇಕೆಂದರೆ, ಗಂಡ ಹೆಂಡತಿ ಇಬ್ಬರೂ ಬರಬೇಕು. "ಮಾರ್ಚಿನ್ಯಾಗ ಜೋಡಿಲೇ ಬರ್ರಿ" ಎಂದು ಮಾವ ಫೋನಿನಲ್ಲಿ ಹೇಳುವ ರೀತಿ ಲಗ್ನಕ್ಕೆ ಕರೆದ ಹಾಗಿರುತ್ತಿತ್ತು. ಒಬ್ಬನೇ ಬಂದ ಗಂಡನಿಗೆ ಒಂದು ಲೋಟ ನೀರು ಕೊಟ್ಟು ವಾಪಸು ಕಳಿಸುತ್ತಿದ್ದರು. ಯಾಕೆ ಮಾವಾ ಎಂದು ಕೇಳಿದರೆ, "ಗಂಡಗ ಬಂದದ್ದು ಗೊತ್ತಿರತೈತಿ, ಹೆಂಡತಿಗಿ ಹೋದದ್ದು ಗೊತ್ತಿರತೈತಿ. ಒಬ್ಬರನ್ನ ಕೇಳಿದ್ರ ಅರ್ಧಾ ಲೆಕ್ಕ ಆಗತೈತಿ" ಎನ್ನುತ್ತಿದ್ದರು.

ಹಾಗಾಗಿ ಮಾರ್ಚಿನಲ್ಲಿ ನಮ್ಮ ಆಫೀಸು ಆಫೀಸಿನಂತೆ ಇರುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಹುನಗುಂದದವರು, ಗುಡೂರಿನವರು, ಬಾಗಲಕೋಟೆಯಿಂದ ಬೆಳಿಗ್ಗೆಯ ಬಸ್ಸಿಗೆ ಬಂದವರು. ಹೆಂಗಸರು ಚಲೋ ಸೀರೆ ಉಟ್ಟಿರುತ್ತಿದ್ದರು. ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಪಾಲಿಥಿನ್ ಚೀಲ, ಚೀಲದ ತುಂಬ ವಿಮೆಯ ರಸೀದಿ, ಸಾಲಿ ಫೀ ಚೀಟಿ, ದವಾಖಾನಿ ಬಿಲ್ಲು. ಪಕ್ಕದ ಓಣಿಯಿಂದ ಮಗ್ಗದ ಸದ್ದು, ಎದುರಿನ ಗಾಡಿಯಿಂದ ಒಗ್ಗರಣೆಯ ವಾಸನೆ. ನಾನು ಶಾಲೆಯಲ್ಲಿದ್ದಾಗ ಪರೀಕ್ಷೆ ಮುಗಿಸಿ ಮಾವನ ಆಫೀಸಿಗೆ ಬರುತ್ತಿದ್ದದ್ದೇ ಈ ಸುಗ್ಗಿಗೆ. ಬೇರೆ ಹುಡುಗರು ರಜೆಯಲ್ಲಿ ಬದಾಮಿಯ ಗುಹೆ ನೋಡುತ್ತಿದ್ದರು, ನಾನು ಗಂಡಂದಿರು ಸಿಕ್ಕಿಬೀಳುವುದನ್ನು ನೋಡುತ್ತಿದ್ದೆ.

ಮಾವ ಮೊದಲು ಕೇಳುತ್ತಿದ್ದ ಪ್ರಶ್ನೆಗೂ ಟ್ಯಾಕ್ಸಿಗೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತಿತ್ತು. ಕನ್ನಡಕ ಸರಿಮಾಡಿಕೊಂಡು, ಸಾವಕಾಶವಾಗಿ, ಒಂದೊಂದು ಅಕ್ಷರಕ್ಕೂ ಕೂರಲು ಮಣೆ ಹಾಕಿದ ಹಾಗೆ, "ಹೂಂ... ಬರೋ ವರ್ಷ ಮನ್ಯಾಗ ಏನೇನೈತ್ರಿ?" ಎನ್ನುತ್ತಿದ್ದರು. ಅಷ್ಟೇ. ಮುಂದಿನದು ತಾನಾಗಿಯೇ ಬರುತ್ತಿತ್ತು. ಮಗಳ ಲಗ್ನ ಐತ್ರಿ ಎಂದು ಒಬ್ಬರು ಅಂದರೆ, ಎಲ್ಲೈತಿ ಲಗ್ನ, ಮಗಳು ಇನ್ನೂ ಓದ್ತಾಳ ಎಂದು ಇನ್ನೊಬ್ಬರು. ಮಾವ ಅದರಿಂದಲೇ ಈ ವರ್ಷ ಏನು ತುಂಬಬೇಕು, ಎಲ್ಲಿ ತುಂಬಬೇಕು, ಯಾರ ಹೆಸರಿನಲ್ಲಿ ತುಂಬಬೇಕು ಎಂದು ಹೊಂದಿಸುತ್ತಿದ್ದರು.

ಹುನಗುಂದದ ಟೇಲರ್ ರಾಜೇಸಾಬರ ಪ್ರಸಂಗ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಒಂದು ಮಾರ್ಚಿನಲ್ಲಿ ಅವರು ಹೊಸ ಹಲ್ಲು ಕಟ್ಟಿಸಿಕೊಂಡು ಬಂದಿದ್ದರು. ನಕ್ಕರೆ ಆಫೀಸಿಗೆ ಬೆಳಕಾಗುತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ ಖೈರುನ್‌ಬಿ. ಮಾವ, "ದವಾಖಾನಿ ಖರ್ಚು ಏನರ?" ಎಂದರು.

"ಏನಿಲ್ರಿ ವಕೀಲ್ರ, ಈ ಹಲ್ಲೊಂದು. ಅದೂ ಡಾಕ್ಟರು ನಮ್ಮ ಗಿರಾಕಿ, ಅರ್ಧಾ ರೊಕ್ಕ ತೊಗೊಂಡ್ರು" ಎಂದು ರಾಜೇಸಾಬರು ಹೊಳೆದರು.

ಹಲ್ಲಿಗೆ ಟ್ಯಾಕ್ಸಿನಲ್ಲಿ ರಿಯಾಯಿತಿ ಇಲ್ಲ ಎಂದು ಮಾವ ಹೇಳುವುದರೊಳಗೆ ಖೈರುನ್‌ಬಿ ಚೀಲದಿಂದ ರಸೀದಿ ತೆಗೆದು ಮೇಜಿನ ಮೇಲೆ ಇಟ್ಟಾಗಿತ್ತು. ಮಾವ ಗಟ್ಟಿಯಾಗಿ ಓದಿದರು. ಪೂರಾ ರೊಕ್ಕ.

"ಅರ್ಧಾ ಅಂದಿದ್ರಲ್ಲ?" ಎಂದರು ಖೈರುನ್‌ಬಿ. "ಅರ್ಧಾ ಅಂತ ನಾ ಓಣ್ಯಾಗೆಲ್ಲಾ ಹೇಳ್ಕೊಂತ ತಿರುಗೇನಿ."

"ಅರ್ಧಾ ಹಲ್ಲಿಗೆ ಅಂದಿದ್ನಿ."

"ಉಳದರ್ಧ ಯಾರ ಬಾಯಾಗ ಅದಾವ್ರಿ?"

ಇಂಥ ಹೊತ್ತಿನಲ್ಲಿ ಮಾವ ಒಂದು ಕೆಲಸ ಮಾಡುತ್ತಿದ್ದರು. ಕನ್ನಡಕ ತೆಗೆದು, ಖಾನೆಯಿಂದ ಆ ಕೆಂಪು ಬಟ್ಟೆ ತೆಗೆದು, ತಲೆ ತಗ್ಗಿಸಿ ಗಾಜು ಒರೆಸತೊಡಗುತ್ತಿದ್ದರು. ಈ ಮೂಲೆಯಿಂದ ಆ ಮೂಲೆಗೆ, ಮತ್ತೆ ಈ ಕಡೆಗೆ. ಕನ್ನಡಕವಿಲ್ಲದೆ ಅವರಿಗೆ ಎದುರು ಕೂತವರಲ್ಲಿ ಗಂಡ ಯಾರು ಹೆಂಡತಿ ಯಾರು ಅನ್ನುವುದೂ ಕಾಣುತ್ತಿರಲಿಲ್ಲ. ಅದು ಎದುರಿನವರಿಗೂ ಗೊತ್ತಿತ್ತು. ನೋಡುವವರು ಯಾರೂ ಇಲ್ಲವೆಂದು ಅವರು ನಿರಾಳವಾಗಿ ಜಗಳಾಡಿ ಮುಗಿಸುತ್ತಿದ್ದರು. ದನಿ ತಗ್ಗಿದ ಮೇಲೆ ಮಾವ ಕನ್ನಡಕ ಏರಿಸಿ, ಈಗ ತಾನೇ ಬಂದವರಂತೆ, "ಹೂಂ, ಮುಂದ?" ಎನ್ನುತ್ತಿದ್ದರು.

ಆಮೇಲೆ ಗಿರಮಿಟ್ಟು. ಅದೂ ಒಂದು ರಿವಾಜು. ಯಾರ ಸುಳ್ಳು ಸಿಕ್ಕಿಬಿತ್ತೋ ಅವರು ಎಲ್ಲರಿಗೂ ಗಿರಮಿಟ್ಟು ಕೊಡಿಸಬೇಕು. ಹಸಿ ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಹಾಕಿ ಕಲಸಿದ ಚುರಮುರಿ, ಮೇಲೊಂದು ಮಿರ್ಚಿ. ಎದುರಿನ ಗಾಡಿಯವನಿಗೆ ಕೂಗಿ ಹೇಳಿದರೆ ಅವನು ಎಷ್ಟು ಪ್ಲೇಟು ಎಂದು ಕೇಳುತ್ತಿರಲಿಲ್ಲ. "ಇವತ್ತ ಯಾರು ಸಿಕ್ಕಿಬಿದ್ರು?" ಎನ್ನುತ್ತಿದ್ದ. ಅಂದು ರಾಜೇಸಾಬರು ತಮ್ಮ ಪೂರಾ ರೊಕ್ಕದ ಹಲ್ಲಿನಿಂದ ಮಿರ್ಚಿ ಕಡಿದು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಮಂಗ್ಯಾನ ಕಥೆ. ನನಗೆ ಒಂದು ರೋಗವಿದೆ: ಕಿವಿಗೆ ಬಿದ್ದ ದನಿ ಬಾಯಿಗೆ ಬಂದುಬಿಡುತ್ತದೆ. ಗಣಿತದ ಮಾಸ್ತರರ ದನಿಯಲ್ಲಿ ಇಡೀ ತರಗತಿಯನ್ನು ಎದ್ದು ನಿಲ್ಲಿಸಿ, ಹಿಂದೆಯೇ ನಿಂತಿದ್ದ ಗಣಿತದ ಮಾಸ್ತರರಿಂದ ಹೊಡೆಸಿಕೊಂಡವನು ನಾನು. ಬಸ್ಸಿನ ಕಂಡಕ್ಟರು, ಹುನಗುಂದದಲ್ಲಿ ಲಿಲಾವು ಕೂಗುವವರು, ಸೀರೆ ಅಂಗಡಿಯ ಶೆಟ್ಟರು, "ದಯವಿಟ್ಟು ಸಾಲಿನಲ್ಲಿ ಕಾಯಿರಿ" ಎನ್ನುವ ಬೆಂಗಳೂರಿನ ಫೋನ್ ಹುಡುಗಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ನನ್ನ ಸ್ವಂತ ದನಿ ಯಾವುದು ಎಂದು ನನ್ನ ಅವ್ವನಿಗೂ ಅನುಮಾನ. ನಾನು ಮನೆಗೆ ಫೋನ್ ಮಾಡಿದರೆ ಮೊದಲು "ಯಾರದು?" ಅನ್ನುವುದಿಲ್ಲ, "ಇವತ್ತ ಯಾರಾಗಿ?" ಅನ್ನುತ್ತಾಳೆ.

ಆದರೆ ನನ್ನ ಅತ್ಯುತ್ತಮ ಸರಕು ಗುರಪ್ಪ ಮಾವ. ಮೊದಲ ಸಲ ಅವರ ಎದುರೇ ಅವರ ದನಿ ಮಾಡಿದಾಗ ಕಣ್ಣುಮುಚ್ಚಿ ಪೂರ್ತಿ ಕೇಳಿ, "ನಾ ಅಷ್ಟು ಸಾವಕಾಶ ಮಾತಾಡ್ತೇನೇನೋ?" ಎಂದರು, ಅಷ್ಟೇ ಸಾವಕಾಶವಾಗಿ. ಆಮೇಲೆ ಅವರಿಗೆ ಅದು ಅನುಕೂಲವೂ ಆಯಿತು. ಬಚ್ಚಲಲ್ಲಿದ್ದಾಗ ಫೋನ್ ಬಂದರೆ, ಒಳಗಿನಿಂದ ಅವರು ಉತ್ತರ ಕೂಗುತ್ತಿದ್ದರು, ಹೊರಗೆ ನಾನು ಅದನ್ನೇ ಅವರ ದನಿಯಲ್ಲಿ ಫೋನಿಗೆ ಹೇಳುತ್ತಿದ್ದೆ. ಆ ಕಡೆಯವರಿಗೆ ಒಂದೇ ಒಂದು ಸಂಶಯ ಬರುತ್ತಿತ್ತು: "ವಕೀಲ್ರ, ನಿಮ್ಮ ಆಫೀಸಿನ್ಯಾಗ ಪ್ರತಿಧ್ವನಿ ಭಾಳ ಐತ್ರಿ."

ಮಾವ ತೀರಿಹೋದ ಮೇಲೆ ಕಾರ್ಯದ ದಿನ ಊಟಕ್ಕೆ ಕೂತ ಹಳೇ ಗಿರಾಕಿಯೊಬ್ಬರು ನನ್ನ ಕೈ ಹಿಡಿದು, "ಒಮ್ಮಿ... ಅವರ ದನಿ ಒಂದೀಟು ಕೇಳಿಸೋ ತಮ್ಮಾ" ಎಂದರು. ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ಕೆಮ್ಮು ಬಂತು. ಹುಗ್ಗಿ ಗಂಟಲಿಗೆ ಸಿಕ್ಕಿತು ಎಂದೆ. ಹುಗ್ಗಿ ಗಂಟಲಿಗೆ ಸಿಗುವ ಪದಾರ್ಥವಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪಾಪ, ಪಕ್ಕದವರು ನೀರಿನ ಲೋಟ ನನ್ನ ಮುಂದೆ ಸರಿಸಿದರು.

ಅಲ್ಲಿಂದ ಆ ಒಂದು ದನಿ ಮಾತ್ರ ನನಗೆ ಕೈಕೊಟ್ಟಿತು.

ಮಾವನಿಲ್ಲದ ಮೊದಲ ಮಾರ್ಚ್ ಬಂತು. ನಾನು ಯಾರನ್ನೂ ಜೋಡಿಯಾಗಿ ಕರೆಯಲಿಲ್ಲ, ಒಂಟಿಯಾಗಿಯೂ ಕರೆಯಲಿಲ್ಲ. ಕರೆಯುವ ಅಗತ್ಯವೇ ಇಲ್ಲವಲ್ಲ. ಟ್ಯಾಕ್ಸಿನಲ್ಲಿ ಈಗ ಎರಡು ಪದ್ಧತಿ. ಹಳೆಯದರಲ್ಲಿ ನೀವು ವಿಮೆ ತುಂಬಿದ್ದು, ಮಕ್ಕಳ ಫೀ ಕಟ್ಟಿದ್ದು, ಮನೆ ಸಾಲದ ಬಡ್ಡಿ, ತಂದೆತಾಯಿಯ ದವಾಖಾನಿ ವಿಮೆ ಎಲ್ಲ ತೋರಿಸಬೇಕು, ಅಷ್ಟು ಆದಾಯದಲ್ಲಿ ಕಳೆಯುತ್ತಾರೆ. ಹೊಸದರಲ್ಲಿ ಅವುಗಳನ್ನೆಲ್ಲ ತೋರಿಸುವ ರಗಳೆಯಿಲ್ಲ, ದರವೇ ಕಡಿಮೆ. ಸುಳ್ಳು ಯಾಕೆ ಹೇಳಲಿ, ಬಹಳ ಜನರಿಗೆ ಹೊಸದೇ ಲಾಭ. ನಾನೇ ಕಂಪ್ಯೂಟರಿನಲ್ಲಿ ಹಾಕಿ ನೋಡಿ ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಹೊಸ ಪದ್ಧತಿಯ ಮನುಷ್ಯನನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಮೊಣಕಾಲು ನೋಯುವ ತಾಯಿಯಿಲ್ಲ. ಅವನಿಗಿರುವುದು ಒಂದು ಪ್ಯಾನ್ ಕಾರ್ಡು. ಅವನನ್ನು ಏನಂತ ಮಾತಾಡಿಸುವುದು?

ಇನ್ನೊಂದು ನಿಯಮವಿದೆ. ಸಂಬಳದವರು ಪ್ರತಿ ವರ್ಷ ಹಳೆಯದೋ ಹೊಸದೋ ಎಂದು ಬದಲಿಸುತ್ತ ಇರಬಹುದು. ವ್ಯಾಪಾರ ಇದ್ದವರಿಗೆ ಆ ಸೌಕರ್ಯವಿಲ್ಲ. ಅರ್ಜಿ ಕೊಟ್ಟು ಹಳೆಯದರಲ್ಲಿ ಉಳಿದವರು ಒಮ್ಮೆ ಹೊಸದಕ್ಕೆ ಬಂದರೆ, ವ್ಯಾಪಾರ ಇರುವ ತನಕ ಹಳೆಯದರ ಬಾಗಿಲು ಮತ್ತೆ ತೆರೆಯುವುದಿಲ್ಲ. ಇದನ್ನು ಗಿರಾಕಿಗಳಿಗೆ ಫೋನಿನಲ್ಲಿ ಹೇಳುವಾಗೆಲ್ಲ ನನಗೇ ಯಾರೋ ಹೇಳಿದಂತಾಗುತ್ತಿತ್ತು. ಕಟ್ಟೆ ಖಾಲಿ. ಗಿರಮಿಟ್ಟಿನವನು ದಿನಾ ಒಮ್ಮೆ ಈ ಕಡೆ ನೋಡಿ, "ಯಾರೂ ಸಿಕ್ಕಿಬೀಳವಲ್ಲರೇನೋ?" ಎಂದು ಕೇಳಿ ಬಾಣಲೆಗೆ ತಿರುಗುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಗಂಗಕ್ಕನ ಫೋನು.

ಗಂಗಕ್ಕ ಇಳಕಲ್ಲಿನ ಹೆಣ್ಣುಮಗಳು, ನಮ್ಮ ಓಣಿಯವಳೇ, ನನ್ನನ್ನು ಎತ್ತಿ ಆಡಿಸಿದವಳು. ಕೊಟ್ಟದ್ದು ಬದಾಮಿಗೆ. ಗಂಡ ಬಸಣ್ಣ ಅಲ್ಲಿ ರೊಟ್ಟಿ ಖಾನಾವಳಿ ನಡೆಸುತ್ತಾನೆ. ಗುಹೆ ನೋಡಲು ಬಂದವರು ಹಸಿದು ಕೆಳಗಿಳಿದರೆ ಇವಳ ರೊಟ್ಟಿ, ಇವನ ಮಾತು ಎರಡನ್ನೂ ತಿಂದು ಹೋಗಬೇಕು. ಖಾನಾವಳಿಗೆ ಬ್ಯಾಂಕಿನಲ್ಲಿ ಸಾಲ ತೆಗೆಯಲು ರಿಟರ್ನ್ ಬೇಕಾಗಿ ಇಬ್ಬರೂ ಮಾವನ ಗಿರಾಕಿಗಳಾದರು. ಪ್ರತಿ ಮಾರ್ಚಿಗೆ ಗುಡೂರಿನ ಮೇಲೆ ಹಾಯ್ದು ಬರುವ ಬಸ್ಸು ಹಿಡಿದು ಜೋಡಿಯಾಗಿ ಬರುತ್ತಿದ್ದರು. ಗಂಗಕ್ಕನಿಗೆ ಅದು ತವರಿನ ದಾರಿಯೂ ಹೌದು. ಮಾವನ ಎದುರು ಕೂರುವಾಗ ಮಾತ್ರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದನಿ ತಗ್ಗಿಸಿ, ಬೇರೆಯೇ ಹೆಂಗಸಾಗಿಬಿಡುತ್ತಿದ್ದಳು.

ಅವರ ಮಗಳು ಪವಿತ್ರಾ ಚಿಕ್ಕವಳಿದ್ದಾಗ ಮಾವ ಪೋಸ್ಟ್ ಆಫೀಸಿನಲ್ಲಿ ಹೆಣ್ಣುಮಕ್ಕಳ ಹೆಸರಿನ ಖಾತೆ ತೆರೆಸಿದ್ದರು. ಪ್ರತಿ ವರ್ಷ ಮಾರ್ಚಿನೊಳಗೆ ಅದಕ್ಕೆ ತುಂಬಬೇಕು. ಬಸಣ್ಣ ಪ್ರತಿ ವರ್ಷ ಗೊಣಗಿ, ಹೆಂಡತಿಯಿಂದ ಬೈಸಿಕೊಂಡು, ಮಾವ ಕನ್ನಡಕ ಒರೆಸಿ ಮುಗಿಸುವುದರೊಳಗೆ ಒಪ್ಪಿಕೊಂಡು, ಗಿರಮಿಟ್ಟು ಕೊಡಿಸಿ ಹೋಗುತ್ತಿದ್ದ.

"ಮಾಂತ್ಯಾ, ಏನ ಮಾಡಾಕತ್ತೀ?" ಎಂದು ಗಂಗಕ್ಕ ನನ್ನ ಹೆಸರು ಹಿಡಿದೇ ಶುರು ಮಾಡಿದಳು.

"ಇನ್‌ಕಮ್ ಟ್ಯಾಕ್ಸ್ ವಿಭಾಗಕ್ಕೆ ಸ್ವಾಗತ. ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದೆ, ಬೆಂಗಳೂರಿನ ಹುಡುಗಿಯ ದನಿಯಲ್ಲಿ.

"ನಿನ್ನ ಕುತಿಗಿ ಒತ್ತತೇನಿ ಬಾ. ಮಂಗ್ಯಾ, ಇಲ್ಲಿ ಮನಿ ಹೊತ್ತಿ ಉರ್ಯಾಕತ್ತೇತಿ."

ವಿಷಯ ಇಷ್ಟು. ಬಸಣ್ಣ ಮೊಬೈಲಿನಲ್ಲಿ ಒಂದು ರೀಲ್ಸ್ ನೋಡಿದ್ದ. ಅದರಲ್ಲಿ ಕೋಟು ತೊಟ್ಟ ಒಬ್ಬ, "ಸ್ನೇಹಿತರೇ, ನೀವು ಈಗಲೂ ಟ್ಯಾಕ್ಸ್ ಉಳಿಸಲೆಂದು ಹಣ ತುಂಬುತ್ತಿದ್ದೀರಾ? ಈ ತಪ್ಪನ್ನು ಮಾಡಲೇಬೇಡಿ!" ಎಂದು ಬೆರಳು ಆಡಿಸಿದ್ದ. (ಆ ದನಿಯೂ ಈಗ ನನ್ನಲ್ಲಿದೆ. ಬೇಕಾದರೆ ಬನ್ನಿ, ಮಾಡಿ ತೋರಿಸುತ್ತೇನೆ.) ಅದನ್ನು ನೋಡಿದ ಬಸಣ್ಣ, ಹೊಸ ಪದ್ಧತಿಯಲ್ಲಿ ತುಂಬಿದರೂ ಅಷ್ಟೇ ಬಿಟ್ಟರೂ ಅಷ್ಟೇ, ಈ ಸಲ ಪವಿತ್ರಾನ ಖಾತೆಗೆ ಏನೂ ತುಂಬುವುದಿಲ್ಲ, ಆ ರೊಕ್ಕದಲ್ಲಿ ಖಾನಾವಳಿಗೆ ದೀಪದ ಬೋರ್ಡು ಹಾಕಿಸುತ್ತೇನೆ ಎಂದು ಪಟ್ಟು ಹಿಡಿದಿದ್ದ.

"ಬೋರ್ಡಿನ ಮ್ಯಾಲೆ ರೊಟ್ಟಿ ತಿರಗ್ತೈತಂತ. ರೊಟ್ಟಿ ತಿರಗಿದ್ರ ಮಗಳು ಕಾಲೇಜಿಗಿ ಹೋಗ್ತಾಳನು?" ಗಂಗಕ್ಕನ ದನಿ ಒಡೆಯಿತು. "ನೋಡಪಾ, ಈ ಮನಷ್ಯಾ ಒಂದು ವರ್ಷ ಬಿಟ್ಟ ಅಂದ್ರ ಬಿಟ್ಟಂಗ. ಮುಂದಿನ ವರ್ಷ ಬೋರ್ಡಿಗೆ ಇನ್ನೊಂದು ರೊಟ್ಟಿ ಹಚ್ಚತಾನ. ಆಕಿಗೆ ಅದೊಂದ ಗಂಟು ಐತಿ. ನಿಮ್ಮ ಮಾವ ಇದ್ದಾಗ ಒಂದ ಮಾತಿಗೆ ಕೇಳ್ತಿದ್ದ."

"ನಾ ಮಾತಾಡ್ತೇನಿ ಬಿಡಕ್ಕ."

"ನೀ ಮಾತಾಡಿದ್ರ ಏನ ಬಂತೋ? ಅವರಂಗ ಮಾತಾಡು. ಫೋನ್ ಹಚ್ಚು, ವಕೀಲ್ರ ದನ್ಯಾಗ ಒಮ್ಮಿ ಹೇಳು. ಮಾರ್ಚಿನ್ಯಾಗ ತುಂಬಬೇಕು ಬಸಪ್ಪಾ ಅಂತ. ಅಷ್ಟ ಸಾಕು."

"ಅಕ್ಕಾ, ಮಾವ ತೀರಿಕೊಂಡದ್ದು ಬಸಣ್ಣಗ ಗೊತ್ತೈತಿ. ಅಂವನೂ ಹೆಣಾ ಹೊತ್ತಾನ."

"ಗೊತ್ತಿದ್ರ ಏನಾತು? ದನಿ ಕೇಳಿದ್ರ ಕರಗ್ತಾನ. ನಾ ಬಲ್ಲೆ."

ಅಂದು ಸಂಜೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು, ಪ್ರಯತ್ನ ಮಾಡಿದೆ. ಬಸಣ್ಣನನ್ನು ಮಾವ ಕರೆಯುತ್ತಿದ್ದ ಹಾಗೆ "ಬಸಪ್ಪಾ" ಎಂದೆ. ಬಂದದ್ದು ಮಾವನ ದನಿಯಲ್ಲ. ಯಾರೋ ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ಮುದುಕನ ಪಾರ್ಟು ಮಾಡುವ ಹುಡುಗನ ದನಿ. ಇನ್ನೂ ಸಾವಕಾಶ ಅಂದೆ, ಕೆಟ್ಟಿತು. ಕೊನೆಗೆ ದನಿ ಬಿಟ್ಟು ಮಾವನ ಮಾತುಗಳನ್ನಾದರೂ ನೆನಪಿಸಿಕೊಳ್ಳೋಣ ಎಂದು ಕೂತೆ. ಅವರು ಬಸಣ್ಣನಿಗೆ ಹೇಳುತ್ತಿದ್ದದ್ದೆಲ್ಲ ನನಗೆ ಬಾಯಿಪಾಠ. "ಮಾರ್ಚ್ ಒಳಗ ತುಂಬಬೇಕು ಬಸಪ್ಪಾ." "ಕೂಸಿನ ಹೆಸರಿಗಿ ತುಂಬಿದ್ದು ಕೂಸಿಗೇ ಇರತೈತಿ." "ನೀ ತುಂಬಿ ರಸೀದಿ ತೊಗೊಂಡು ಬಾ, ಉಳದದ್ದು ನಾ ನೋಡ್ಕೋತೇನಿ." ಎಲ್ಲ ಇತ್ತು. ಒಂದು ಮಾತು ಮಾತ್ರ ಎಷ್ಟು ಹುಡುಕಿದರೂ ನನ್ನ ಸಂಗ್ರಹದಲ್ಲಿ ಸಿಗಲಿಲ್ಲ: ಇದರಿಂದ ನಿನಗೆ ಟ್ಯಾಕ್ಸ್ ಉಳಿಯುತ್ತದೆ ಎಂಬ ಮಾತು. ಅದನ್ನು ಮಾವ ಬಸಣ್ಣನಿಗೆ ಒಂದು ಸಲವೂ ಹೇಳಿರಲಿಲ್ಲ.

ಕಂಪ್ಯೂಟರ್ ತೆಗೆದು ಹಿಂದಿನ ವರ್ಷಗಳನ್ನೆಲ್ಲ ನೋಡಿದೆ. ಖಾನಾವಳಿಯ ಆದಾಯ ಯಾವ ವರ್ಷವೂ ಟ್ಯಾಕ್ಸ್ ಬೀಳುವಷ್ಟು ಇರಲೇ ಇಲ್ಲ. ಉಳಿಸಲು ಟ್ಯಾಕ್ಸೇ ಇಲ್ಲದ ಮನುಷ್ಯನನ್ನು ಪ್ರತಿ ವರ್ಷ ಬದಾಮಿಯಿಂದ ಕರೆಸಿ, ಹೆಂಡತಿಯ ಎದುರು ಕೂರಿಸಿ, ಮಾವ ಕನ್ನಡಕ ಒರೆಸುತ್ತಿದ್ದರು. ಕೂತವರು ಅದನ್ನು ಟ್ಯಾಕ್ಸ್ ಉಳಿಸುವುದು ಎಂದು ತಾವೇ ತಿಳಿದುಕೊಂಡಿದ್ದರು.

ನನಗೆ ನಗು ಬಂತು. ಮಾವನಿಗೆ ಹೇಳಿ ನಗಬೇಕು ಅನ್ನಿಸಿತು. ಕುರ್ಚಿಯಲ್ಲಿ ಎರಡೂ ಕಡೆ ಉಳಿದ ಜಾಗದ ಮೇಲೆ ಕೈ ಇಟ್ಟು ಸುಮ್ಮನೆ ಕೂತೆ.

ಮರುದಿನ ಬಸಣ್ಣನಿಗೆ ಫೋನ್ ಮಾಡಿದೆ, ನನ್ನದೇ ದನಿಯಲ್ಲಿ. ಹಾಗೊಂದು ಇದ್ದರೆ.

"ಬಸಣ್ಣಾ, ಈ ವಾರ ಜೋಡಿಲೇ ಬಂದ ಹೋಗ್ರಿ."

"ಯಾಕಲೇ? ಒಟಿಪಿ ಕಳಿಸೇನಲ್ಲ."

"ಒಟಿಪಿ ಮಸಕ್ ಆಗೇತಿ."

"ಮತ್ತೊಂದು ಕಳಸಲೇನು?"

"ಬ್ಯಾಡ. ನೀವ ಬರ್ರಿ."

ಆ ಕಡೆ ಯಾರಿಗೋ ಎರಡು ರೊಟ್ಟಿ ಬಡಿಸಲು ಹೇಳಿದ. ಆಮೇಲೆ, "ನೋಡೋಣಂತ" ಎಂದ.

ಮಾರ್ಚ್ ಮುಗಿಯುವ ಮುನ್ನ ಬಂದರು. ಬಿಸಿಲು ಏರಿತ್ತು. ಗಂಗಕ್ಕ ಮುಂದೆ, ಬಸಣ್ಣ ಹಿಂದೆ. ಬಸ್ಸಿನಲ್ಲಿ ಗುಡೂರಿನ ತನಕ ಜಗಳಾಡಿ, ಅಲ್ಲಿಂದ ಮಾತು ಬಿಟ್ಟು ಬಂದವರೆಂದು ಮುಖದ ಮೇಲೆ ಬರೆದಿತ್ತು. ಗಂಗಕ್ಕ ರೊಟ್ಟಿಯ ಗಂಟನ್ನು ಮೇಜಿನ ಮೇಲೆ ಇಟ್ಟು ನನಗೆ ಕಣ್ಣಲ್ಲೇ ಸನ್ನೆ ಮಾಡಿದಳು: ದನಿ ಮಾಡು. ಬಸಣ್ಣ ಬಾಕಿನ ತುದಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತು, "ಏನಲೇ ಮಾಂತ್ಯಾ, ಫ್ಯಾನ್ ಇನ್ನೂ ಅದ ಐತೇನು?" ಎಂದ. ನಾನು ಬಾಯಿ ತೆರೆದೆ. ಗಂಗಕ್ಕ ಉಸಿರು ಹಿಡಿದಳು. ಸುಳ್ಳು ದನಿಯಲ್ಲಿ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

"ಬಸಣ್ಣಾ, ಖರೆ ಹೇಳ್ತೇನಿ. ಹಳೇದ್ರಾಗೂ ನಿಮಗ ಟ್ಯಾಕ್ಸ್ ಇಲ್ಲ, ಹೊಸದ್ರಾಗೂ ಇಲ್ಲ. ಪವಿತ್ರಾನ ಖಾತೆಗೆ ತುಂಬಿದ್ರೂ ಇಲ್ಲ, ಬಿಟ್ರೂ ಇಲ್ಲ. ಮೊದಲಿಂದನೂ ಇದ್ದಿಲ್ಲ."

ತನ್ನ ಹಿಟ್ಟಿಗೆ ನಾನು ಮಣ್ಣು ಸುರಿದ ಹಾಗೆ ಗಂಗಕ್ಕ ನನ್ನನ್ನು ನೋಡಿದಳು.

"ಗೊತ್ತೈತಿ" ಎಂದ ಬಸಣ್ಣ.

"ಏನ ಗೊತ್ತೈತಿ?" ಎಂದೆ.

"ಅದ ಪಾ. ಮೊದಲನೇ ವರ್ಷನ ಗೊತ್ತಾಗೇತಿ. ನನ್ನ ಖಾನಾವಳ್ಯಾಗ ದಿನಾ ಬ್ಯಾಂಕಿನವರು ಉಣ್ತಾರ. ಒಬ್ಬರ್ನ ಕೇಳಿದ್ನಿ. ನಿನಗ ಎಲ್ಲಿ ಟ್ಯಾಕ್ಸೋ ಮಾರಾಯಾ ಅಂದು ಇನ್ನೊಂದು ರೊಟ್ಟಿ ಹಾಕಿಸ್ಕೊಂಡ್ರು."

"ಮತ್ತ ಪ್ರತಿ ವರ್ಷ ಯಾಕ ಬರ್ತಿದ್ರಿ?"

ಬಸಣ್ಣ ಕಾಲು ಇಳಿಸಿದ. ಎದುರಿನ ಗೋಡೆ ನೋಡುತ್ತ ಹೇಳಿದ. "ವಕೀಲ್ರು ಕರೀತಿದ್ರಲ್ಲೋ. ಎಲ್ಲಾರೂ ನನಗ ಕೇಳೂದು ಒಂದ: ರೊಟ್ಟಿ ಅದಾವೇನು, ಪಲ್ಯಾ ಏನೈತಿ. ಅವರೊಬ್ಬರ ಕೇಳ್ತಿದ್ರು, ಬಸಪ್ಪಾ, ಬರೋ ವರ್ಷ ಮನ್ಯಾಗ ಏನೇನೈತಿ ಅಂತ. ಈ ಸಲ ಯಾರರ ಕೇಳಿದ್ರೇನು? ನೀ ಒಟಿಪಿ ಕೇಳಿದಿ. ಬೋರ್ಡ್ ಹಾಕಸಬೇಕಂತ ಖರೇನೂ ಅನಸಿತ್ತು, ಸುಳ್ಳ ಯಾಕ ಹೇಳ್ಲಿ. ಆದ್ರ ಭಾಳ ಅನಸಿದ್ದು ಏನಂದ್ರ, ಇನ್ನ ನಮ್ಮನ್ನ ಯಾರೂ ಕರ್ಯಂಗಿಲ್ಲ. ತುಂಬಿದ್ರೇನು, ಬಿಟ್ರೇನು."

ನಾನು ಎದ್ದು ಬಾಗಿಲಿಗೆ ಹೋಗಿ ಗಿರಮಿಟ್ಟಿನವನಿಗೆ ಕೂಗಿದೆ.

"ಯಾರು ಸಿಕ್ಕಿಬಿದ್ರು?" ಎಂದ ಅವನು, ಹಬ್ಬ ಬಂದವನ ಹಾಗೆ.

"ನಾನ" ಎಂದೆ.

ವಾಪಸು ಬಂದು ಕೂರುವಷ್ಟರಲ್ಲಿ ಬಸಣ್ಣ ಅಂಗಿಯ ಕಿಸೆಯಿಂದ ಮಡಚಿದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಿದ್ದ. ಪೋಸ್ಟಿನ ರಸೀದಿ. ಪವಿತ್ರಾನ ಹೆಸರು, ಅಂದಿನದೇ ಮುದ್ರೆ.

"ಬಾಗಲಾ ತೆಗ್ಯೂದಕ್ಕ ಹೋಗಿ ತುಂಬಿ ಬಂದೇನಿ" ಎಂದ.

ಗಂಗಕ್ಕ ರಸೀದಿಯನ್ನು ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ರಸೀದಿಯನ್ನು ನೋಡಿದಳು.

"ಮುಂಜಾನೆ ತುಂಬೀರಿ?"

"ಹೂಂ."

"ತುಂಬಿ ಬಂದು, ಬಸ್ಸಿನ್ಯಾಗ ಗುಡೂರ ತನಾ ನನ್ನ ಜೋಡಿ ಜಗಳಾಡೀರಿ?"

"ತುಂಬೇನಿ ಅಂದಿದ್ರ ನೀ ಇಳಕಲ್ ಯಾಕ ಅಂತಿದ್ದಿ. ರೊಟ್ಟಿ ಬಡ್ಯಾಕ ಕುಂದ್ರತಿದ್ದಿ."

"ಮತ್ತ ಮೊದಲ್ನೇ ವರ್ಷದಿಂದ ಗೊತ್ತಿತ್ತು! ಗೊತ್ತಿದ್ದೂ ಇಷ್ಟು ವರ್ಷ ನನ್ನ ಕೈಲೇ ಬೇಡಿಸ್ಕೊಂಡ್ರಿ! ಪ್ರತಿ ಮಾರ್ಚಿಗೆ ನನ್ನ ಜೀವಾ ಕೈಯಾಗ ಬರ್ತಿತ್ತು. ಈ ಸಲ ಒಂದು ವಾರ ಉಂಡಿಲ್ಲ ನಾ, ನಿಮ್ಮ ಬೋರ್ಡಿನ ಸಲುವಾಗಿ!"

"ಉಂಡಿಲ್ಲ ಅಂತೀ, ಹಂಗಾರ ನಿನ್ನಿ ರಾತ್ರಿ ಝುಣಕಾ ಯಾರು ಖಾಲಿ ಮಾಡಿದ್ರು?"

"ಝುಣಕಾದ ಸುದ್ದಿ ತೆಗೀಬ್ಯಾಡ್ರಿ!"

ಇಬ್ಬರೂ ಒಟ್ಟಿಗೆ ಮಾತಾಡತೊಡಗಿದರು. ಖಾನಾವಳಿ ಬಂತು, ಅವಳ ಅಣ್ಣ ಬಂದ, ಅವನ ತಂಗಿಯ ಲಗ್ನದಲ್ಲಿ ಉಡಿಸಿದ ಸೀರೆ ಬಂತು. ಎಷ್ಟು ದಿನವಾಗಿತ್ತು ಈ ಆಫೀಸಿನಲ್ಲಿ ಇಂಥ ಸದ್ದು ಕೇಳಿ! ಮೂಲೆಯ ಫ್ಯಾನೂ ಹಳೆಯ ಹುರುಪಿನಿಂದ ತಿರುಗಿತು ಅನ್ನಿಸಿತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಖಾನೆ ಎಳೆದೆ, ಕೆಂಪು ಬಟ್ಟೆ ತೆಗೆದೆ, ಮೊಬೈಲು ಕೈಗೆ ತೆಗೆದುಕೊಂಡು ಒರೆಸತೊಡಗಿದೆ.

ಎಷ್ಟು ಹೊತ್ತು ಒರೆಸಿದೆನೋ ಗೊತ್ತಿಲ್ಲ. ಒಮ್ಮೆಲೇ ಕೋಣೆಯಲ್ಲಿ ಸದ್ದಿಲ್ಲ ಅನ್ನುವುದು ಗಮನಕ್ಕೆ ಬಂತು. ತಲೆ ಎತ್ತಿದೆ. ಗಂಗಕ್ಕನ ಕೈ ಗಾಳಿಯಲ್ಲಿ ಎತ್ತಿದ್ದು ಎತ್ತಿದಂತೆಯೇ ಇತ್ತು. ಬಸಣ್ಣ ನನ್ನ ಬೆರಳುಗಳನ್ನು ನೋಡುತ್ತಿದ್ದ. ಬಟ್ಟೆ ಈ ಮೂಲೆಯಿಂದ ಆ ಮೂಲೆಗೆ ಹೋಗಿ, ಮತ್ತೆ ಈ ಕಡೆ ಬರುತ್ತಿತ್ತು, ಬಹಳ ಸಾವಕಾಶವಾಗಿ.

ನಾನು ಯಾರನ್ನೂ ಮಾಡುತ್ತಿರಲಿಲ್ಲ. ಹಾಗೆಂದು ಹೇಳಬೇಕು ಅಂದುಕೊಂಡೆ. ಇಷ್ಟು ವರ್ಷದಲ್ಲಿ ನಾನು ಯಾರನ್ನೇ ಅಣಕಿಸಲಿ, ಒಬ್ಬರಾದರೂ ನಕ್ಕೇ ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ.

ಗಂಗಕ್ಕ ಕೈ ಇಳಿಸಿದಳು. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ನನ್ನನ್ನು ಹುಟ್ಟಿದಾಗಿನಿಂದ ಮಂಗ್ಯಾ ಅನ್ನುವವಳು ಬಾಕಿನ ಮೇಲೆ ಸರಿಯಾಗಿ ಕೂತಳು. ಹೊರಗೆ ಗಿರಮಿಟ್ಟಿನ ಗಾಡಿಯಲ್ಲಿ ಒಗ್ಗರಣೆ ಸಿಡಿಯಿತು. ನಾನು ಮೊಬೈಲನ್ನು ಬೋರಲು ಹಾಕಿದೆ. ನನ್ನನ್ನು ಲೇ ಎನ್ನದೆ ಎಂದೂ ಮಾತಾಡಿಸದ ಬಸಣ್ಣ ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ:

"ಹೂಂ, ಬರೋ ವರ್ಷದ್ದು ಕೇಳ್ರಿ."

ಯಾರಿಗೆ ಹೇಳಿದನೆಂದು ನಾನು ಹಿಂದೆ ತಿರುಗಿ ನೋಡಿದೆ.